ಬಕೆಟ್ ಆಸನವೂ ಹುಣಸೂರು ರಸ್ತೆಯೂ

ಮೋಟಾರುಗಾಡಿಯ ಗುಣವನ್ನು ನಿರ್ಣಯಿಸುವ ವಿಷಯದಲ್ಲಿ ನಮ್ಮ ವಿದ್ಯಾವಂತರ ವಿವೇಕವು ದನದ ಜಾತ್ರೆಗೆ ಬಂದ ರೈತನ ವಿವೇಕಕ್ಕಿಂತ ಬಹಳ ಕೆಳಗಿದೆ ಎಂದು ನಾನು ಹೇಳಿದರೆ ಕೆಲವರಿಗೆ ಕೋಪ ಬಂದೀತು. ಬರಲಿ. ಕೋಟಿಗೂ ಮೀರಿದ ಬೆಲೆಯ ಓಟದ ಕಾರುಗಳನ್ನು ಕೊಳ್ಳುವವರು, ಕೊಳ್ಳುವ ಶಕ್ತಿಯಿಲ್ಲದಿದ್ದರೂ ಅದರ ವಿಚಾರವಾಗಿ ಕಾಫಿ ಹೋಟಲಿನಲ್ಲಿ ತಾಸುಗಟ್ಟಲೆ ವಾದ ಮಾಡುವವರು, ಅದನ್ನು ಒಂದು ದಿನ ಓಡಿಸಿ ನೋಡಿ ಪತ್ರಿಕೆಗಳಿಗೆ ಬರೆಯುವವರು, ಈ ಮೂರು ವರ್ಗದವರೂ ಕೂಡಿ ಒಂದು ಮೂಢನಂಬಿಕೆಯನ್ನು ಬೆಳೆಸಿದ್ದಾರೆ. ಆ ನಂಬಿಕೆಗೆ ಎರಡು ಕವಲು. ಕಾರಿನ ಸ್ವಭಾವ ಅದರ ಅಂಕಿಗಳಲ್ಲಿದೆ ಎಂಬುದು ಒಂದು. ಆಸನ ಎಷ್ಟು ಗಟ್ಟಿಯೋ ಎಷ್ಟು ಇಕ್ಕಟ್ಟೋ ಕಾರು ಅಷ್ಟು ಅಸಲಿ, ಅದನ್ನು ನಡೆಸುವವನು ಅಷ್ಟು ಗಂಡಸು ಎಂಬುದು ಇನ್ನೊಂದು. ಎರಡೂ ಸುಳ್ಳು. ಮೊದಲನೆಯದು ಕೊಂಡವನ ಹಣ ಕಳೆಯುತ್ತದೆ. ಎರಡನೆಯದು ಅವನ ಬೆನ್ನು ಮುರಿಯುತ್ತದೆ. ನಮ್ಮ ಕಡೆಯ ರಸ್ತೆಗಳಲ್ಲಿ ಅದು ದಾರಿಹೋಕನ ಕಾಲನ್ನೂ ಮುರಿದೀತು.

ನಮ್ಮ ಕಡೆ ಎಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ. ಇಲ್ಲಿ ಓಟದ ಕಾರು ಎಲ್ಲಿಂದ ಬಂತಯ್ಯಾ ಎಂದು ಕೇಳಬೇಡಿ. 2023ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಸುಮಾರು 118 ಕಿಲೋಮೀಟರಿನ ಆ ದಾರಿಯನ್ನು ಮುಗಿಸಿ, ಕೊಡಗಿನ ಕಾಫಿತೋಟದ ಬಂಗಲೆಗಳಿಗೆ ಹೊರಟ ಕಾರುಗಳು ಶನಿವಾರ ಬೆಳಗಾದರೆ ಇಲವಾಲ, ಬಿಳಿಕೆರೆ, ಹುಣಸೂರು, ಕಂಪಲಾಪುರಗಳನ್ನು ಹಾದೇ ಹೋಗಬೇಕು. ಕೆಂಪು, ಹಳದಿ, ನೀಲಿ, ನೆಲಕ್ಕೆ ಅಂಟಿದಂಥವು. ಸದ್ದು ಮೊದಲು ಬರುತ್ತದೆ, ಕಾರು ಆಮೇಲೆ ಕಾಣುತ್ತದೆ. ಹುಣಸೂರಿನ ಬಸ್ ನಿಲ್ದಾಣದ ಹತ್ತಿರ ನಿಂತ ಹುಡುಗರಿಗೆ ಇವುಗಳ ಹೆಸರು, ಅಶ್ವಶಕ್ತಿ, ಬೆಲೆ ಎಲ್ಲ ಬಾಯಿಪಾಠ. ಒಳಗೆ ಕೂತವನ ಮುಖದ ಮೇಲಿರುವ ಸಂಕಟ ಮಾತ್ರ ಅವರಿಗೆ ಕಾಣುವುದಿಲ್ಲ.

ಜಾತ್ರೆಯ ಮಾತು ಸುಮ್ಮನೆ ತೆಗೆದುದಲ್ಲ. ಕೃಷ್ಣರಾಜನಗರ ಸೀಮೆಯ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ದನದ ಜಾತ್ರೆ ನೆರೆಯುತ್ತದೆ. ಹಳ್ಳಿಕಾರ್ ಹೋರಿಗಳ ಸಾಲು ಸಾಲು. ಕೊಳ್ಳುವವನು ಮೊದಲು ಕೊಂಬು ನೋಡುವುದಿಲ್ಲ. ಕೊಂಬು ನೋಡುವವನು ನಮ್ಮ ಹಾಗೆ ಪಟ್ಟಣದಿಂದ ಬಂದವನು. ಅವನು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿತೋ. ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ಹೆಗಲ ಮೇಲೆ ಅಂಗೈಯಿಟ್ಟು ಒತ್ತುತ್ತಾನೆ. ಆಮೇಲೆ ನಡೆಸುತ್ತಾನೆ. ಸಾಲದೆಂದು ಗಾಡಿಗೆ ಹೂಡಿಯೂ ನೋಡುತ್ತಾನೆ. ಎತ್ತು ಒಂಟಿಯಾಗಿ ಎಷ್ಟು ಜೋರಾಗಿ ಓಡೀತು ಎಂಬುದು ಅವನ ಪ್ರಶ್ನೆಯಲ್ಲ. ತನ್ನ ನೊಗಕ್ಕೆ, ತನ್ನ ಹೊಲದ ಮಣ್ಣಿಗೆ, ಮನೆಯಲ್ಲಿರುವ ಜೊತೆಯೆತ್ತಿಗೆ ಹೊಂದೀತೆ ಎಂಬುದು ಪ್ರಶ್ನೆ. ಇಷ್ಟೆಲ್ಲ ಆದಮೇಲೆ ಟವಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ಬೆಲೆಯ ಮಾತು. ನೊಗ ಕೂರುವ ಹೆಗಲನ್ನು ಮುಟ್ಟಿ ನೋಡದೆ ಎತ್ತು ಕೊಂಡವನನ್ನು ಆ ಜಾತ್ರೆಯಲ್ಲಿ ಹುಡುಕಿದರೂ ಸಿಕ್ಕುವುದಿಲ್ಲ.

ಕಾರಿಗೂ ಮನುಷ್ಯನಿಗೂ ನೊಗ ಯಾವುದು? ಆಸನ. ಚುಕ್ಕಾಣಿಯ ಚಕ್ರವನ್ನು ಎರಡು ಕೈ ಹಿಡಿದಿರುತ್ತದೆ, ಬ್ರೇಕಿನ ಮೇಲೆ ಒಂದು ಪಾದ. ಮಿಕ್ಕ ದೇಹವೆಲ್ಲ ಆಸನದಲ್ಲಿ. ರಸ್ತೆ ಹೇಳುವ ಮಾತು ಟೈರಿಗೆ, ಟೈರಿನಿಂದ ಸ್ಪ್ರಿಂಗಿಗೆ, ಸ್ಪ್ರಿಂಗಿನಿಂದ ಕಾರಿನ ಮೈಗೆ, ಮೈಯಿಂದ ಆಸನಕ್ಕೆ ಬಂದು ಅಲ್ಲಿಂದ ನಮ್ಮ ಸೊಂಟಕ್ಕೆ ತಲುಪುತ್ತದೆ. ಹಿಂದಿನ ಚಕ್ರ ಜಾರಲು ತೊಡಗಿದ್ದನ್ನು ಹಲವು ವೇಳೆ ಕಣ್ಣಿಗಿಂತ ಮೊದಲು ಸೊಂಟ ಅರಿಯುತ್ತದೆ. ಆಸನ ಕೆಟ್ಟದ್ದಾದರೆ ಕಾರು ಎಷ್ಟೇ ಸದ್ಗುಣಿಯಾಗಿದ್ದರೂ ಅದರ ಮಾತು ನಮಗೆ ಕೇಳಿಸುವುದಿಲ್ಲ. ಕೇಳಿಸಿದರೂ ತಪ್ಪಾಗಿ ಕೇಳಿಸುತ್ತದೆ. ಆದಕಾರಣ ಆಸನವನ್ನು ಕಡೆಯಲ್ಲಿ, ಬಣ್ಣ ಆರಿಸಿ ಮುಗಿದ ಮೇಲೆ, ಚರ್ಮದ ಹೊಲಿಗೆಯ ದಾರ ಕೆಂಪಿರಲೋ ಬಿಳಿಯಿರಲೋ ಎಂಬ ಚರ್ಚೆಯ ಜೊತೆಗೆ ಆರಿಸುವುದು ಶುದ್ಧ ಅವಿವೇಕ. ಅದನ್ನು ಮೊದಲು ಆರಿಸಬೇಕು. ಕಾರಿನ ಸ್ವಭಾವವನ್ನು ತೀರ್ಮಾನಿಸಲು ಹೊರಡುವುದು ಅದಾದ ಮೇಲೆ.

ಅಂಕಿಗಳನ್ನು ನೋಡೋಣ. ಪೋರ್ಷೆಯವರ 911 ಮಾಲಿಕೆಯಲ್ಲಿ ಜಿಟಿ3 ಎಂಬುದೊಂದು. 2021ರಲ್ಲಿ ಬಂದ ಮಾದರಿಯ ಇಂಜಿನು ನಾಲ್ಕು ಲೀಟರಿನದು, 510 ಅಶ್ವಶಕ್ತಿ, ನಿಮಿಷಕ್ಕೆ 9000 ಸುತ್ತು. ತಾನೇ ಗೇರು ಬದಲಿಸುವ ಗಾಡಿಯಾದರೆ ನಿಂತಲ್ಲಿಂದ 100 ಕಿಲೋಮೀಟರಿನ ವೇಗಕ್ಕೆ 3.4 ಸೆಕೆಂಡು. ಅದ್ಭುತವೆ. ಅಲ್ಲಗಳೆಯುವ ಮಾತಿಲ್ಲ. ಆದರೆ ಬಿಳಿಕೆರೆಯ ಅಂಗಡಿಸಾಲಿನ ಮುಂದೆ ಈ 3.4 ಸೆಕೆಂಡನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಮೈಸೂರಿನಿಂದ ಹುಣಸೂರಿಗೆ 45 ಕಿಲೋಮೀಟರು. ಅಷ್ಟು ದಾರಿಯಲ್ಲಿ ಆ ಅಂಕಿಯ ಪ್ರಯೋಜನ ಬೀಳುವ ಘಳಿಗೆ ಒಂದೂ ಬಾರದೆ ಹೋಗಬಹುದು. ಬಂದರೆ ಅದು ಬರಬಾರದ ಘಳಿಗೆ. ಆಸನವಾದರೋ 45 ಕಿಲೋಮೀಟರೂ ನಿಮ್ಮ ಕೆಳಗೇ ಇರುತ್ತದೆ.

ಕಾರಿನ ಸ್ವಭಾವ ಎಂದು ನಾನು ಕರೆಯುವುದು ಯಾವುದನ್ನು? ಇದನ್ನು ತಿಳಿಯಲು ಓಟದ ಕಾರು ಬೇಡ, ಪಿರಿಯಾಪಟ್ಟಣದ ಬಸ್ಸು ಸಾಕು. ಹಿಂದಿನ ಚಕ್ರಕ್ಕೂ ಆಚೆ, ಕೊನೆಯ ಸೀಟಿನಲ್ಲಿ ಕೂತವನು ಪ್ರತಿ ಹಂಪಿಗೂ ಸೂರಿಗೆ ತಲೆ ಮುಟ್ಟಿಸಿ ಬರುತ್ತಾನೆ. ಎರಡು ಅಚ್ಚುಗಳ ನಡುವೆ ಕೂತವನು ಅದೇ ಬಸ್ಸಿನಲ್ಲಿ ನಿದ್ದೆ ಮಾಡುತ್ತಾನೆ. ಬಸ್ಸು ಒಂದೇ, ಕೂತ ಜಾಗ ಬೇರೆ. ಇಬ್ಬರಿಗೂ ಬಸ್ಸಿನ ಸ್ವಭಾವವೇ ಬೇರೆಯಾಗಿ ಕಂಡಿತು. ಓಟದ ಕಾರಿನಲ್ಲೂ ಹೀಗೆಯೆ. 1961ರಲ್ಲಿ ಜಿನೀವಾದಲ್ಲಿ ತೋರಿಸಿದ ಜಾಗ್ವಾರ್ ಇ-ಟೈಪಿನಂಥ ಉದ್ದ ಮೂತಿಯ ಕಾರಿನಲ್ಲಿ ಚಾಲಕ ಹೆಚ್ಚು ಕಡಿಮೆ ಹಿಂದಿನ ಅಚ್ಚಿನ ಹತ್ತಿರ ಕೂತಿರುತ್ತಾನೆ. ತಿರುವಿನಲ್ಲಿ ಮೂತಿ ದೂರದಲ್ಲೆಲ್ಲೋ ಹೊರಳುತ್ತದೆ, ತನ್ನನ್ನು ಯಾರೋ ಉದ್ದನೆಯ ಹಗ್ಗದ ತುದಿಯಲ್ಲಿ ಬೀಸಿದ ಹಾಗಾಗುತ್ತದೆ. ಇಂಜಿನನ್ನು ನಡುವೆ ಇಟ್ಟ ಕಾರಿನಲ್ಲಿ ಮನುಷ್ಯ ಕೂರುವುದು ಭಾರದ ಕೇಂದ್ರದ ಪಕ್ಕದಲ್ಲೇ. ಕಾರು ಅವನ ಸೊಂಟದ ಸುತ್ತಲೇ ತಿರುಗಿದ ಹಾಗೆ ತೋರುತ್ತದೆ. ಪೋರ್ಷೆ 911ರ ಇಂಜಿನು ಹಿಂದಿನ ಅಚ್ಚಿಗೂ ಹಿಂದೆ. ಬೆನ್ನಿಗೆ ಮೂಟೆ ಕಟ್ಟಿಕೊಂಡು ಓಡುವವನ ನಡೆ ಅದರದು. ಈ ವ್ಯತ್ಯಾಸಗಳು ಮೂವತ್ತು ಕಿಲೋಮೀಟರಿನ ವೇಗದಲ್ಲೇ ಗೊತ್ತಾಗುತ್ತವೆ. ಇನ್ನೂರು ಮುಟ್ಟಬೇಕಾಗಿಲ್ಲ. ಗೊತ್ತಾಗಬೇಕಾದರೆ ಮಾತ್ರ ಮೈ ನೋಯುತ್ತಿರಬಾರದು. ನೋವಿನಲ್ಲಿರುವವನಿಗೆ ನೋವಿನ ಹೊರತು ಬೇರೇನೂ ತಿಳಿಯದು.

ಇನ್ನು ಬಕೆಟ್ ಆಸನಕ್ಕೆ ಬರುತ್ತೇನೆ. ಹೆಸರೇ ಹೇಳುವಂತೆ ಬಕೆಟಿನ ಹಾಗೆ ಒಂದೇ ಅಚ್ಚಿನ ಚಿಪ್ಪು. ಇಂಗಾಲದ ನಾರಿನಿಂದ ಮಾಡಿದ್ದು, ಮೇಲೆ ಹೆಸರಿಗೊಂದಿಷ್ಟು ಮೆತ್ತೆ. ಸೊಂಟ, ತೊಡೆ, ಹೆಗಲುಗಳ ಎರಡು ಪಕ್ಕಕ್ಕೂ ಎದ್ದುನಿಂತ ಗೋಡೆ. ಬೆನ್ನೊರಗಿನ ಓರೆಯನ್ನು ಬದಲಿಸುವಂತಿಲ್ಲ. ತಿರುವಿನಲ್ಲಿ ಮೈ ಪಕ್ಕಕ್ಕೆ ಜಾರದಂತೆ ಹಿಡಿದುಕೊಳ್ಳುವುದು ಇದರ ಕೆಲಸ. ಪಂದ್ಯದ ಮೈದಾನದಲ್ಲಿ ಆ ಕೆಲಸವನ್ನು ಇದರಷ್ಟು ಚೆನ್ನಾಗಿ ಮಾಡುವುದು ಬೇರೊಂದಿಲ್ಲ. ತೂಕವೂ ಕಡಿಮೆ. ಈ ತೂಕದ ವಾದವನ್ನು ಎತ್ತುವ ಮಹನೀಯರಿಗೆ ನನ್ನದೊಂದು ವಿನಂತಿ: ಜೋಡಿ ಆಸನದಲ್ಲಿ ಉಳಿಯುವ ಕೆಲವು ಕಿಲೋಗಳನ್ನು ಒಂದು ವರ್ಷ ಮೈಸೂರುಪಾಕು ಬಿಟ್ಟು ತಮ್ಮ ಹೊಟ್ಟೆಯಿಂದಲೇ ಉಳಿಸಬಹುದು, ಲಕ್ಷಗಟ್ಟಲೆ ಹಣವೂ ಮಿಕ್ಕೀತು.

ನನ್ನ ಅಕ್ಕನ ಮಗನೊಬ್ಬ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ದುಡಿದಿದ್ದಾನೆ, ಮದುವೆ ಬೇಡವೆಂದಿದ್ದಾನೆ, ಕಾರು ಬೇಕೆಂದಿದ್ದಾನೆ. ನಾನು ಮೂವತ್ತು ವರ್ಷ ಹುಡುಗರಿಗೆ ಯಂತ್ರಶಾಸ್ತ್ರ ಹೇಳಿಕೊಟ್ಟವನೆಂಬ ಗೌರವಕ್ಕೆ, ಆಸನಗಳ ಪಟ್ಟಿ ಹಿಡಿದುಕೊಂಡು ಬಂದ. ಮೂರು ಬಗೆ, ಮೂರಕ್ಕೂ ಮೂರು ಬೆಲೆ. “ಮಾವ, ಬಕೆಟ್ಟೇ ಹಾಕಿಸ್ತೀನಿ. ಎಲ್ಲರೂ ಅದನ್ನೇ ಹೇಳ್ತಾರೆ. ಬೇರೆ ಸೀಟಿದ್ರೆ ಮಾರೋವಾಗ ರೇಟೂ ಬರಲ್ವಂತೆ” ಎಂದ. “ಎಲ್ಲರೂ ಅಂದ್ರೆ ಯಾರಪ್ಪ? ಅವರ ಬೆನ್ನು ನಿನಗೆ ಬರುತ್ತದೆಯೆ?” ಎಂದೆ. ಮಾತಿನಿಂದ ಇದು ಬಗೆಹರಿಯದೆಂದು ಅವನ ಗೆಳೆಯನ ಕಾರಿನಲ್ಲಿ ಹೊರಟೆವು. ಯಾರು ಮಾಡಿದ ಕಾರು ಎಂಬುದು ಬೇಡ. ಅಂಥ ಎಲ್ಲದರ ಕಥೆಯೂ ಒಂದೆ.

ಪಂಚೆಯುಟ್ಟು ಬಕೆಟ್ ಆಸನದೊಳಗೆ ಇಳಿಯುವುದು ಸಭ್ಯರು ನೋಡುವ ದೃಶ್ಯವಲ್ಲವೆಂದಷ್ಟೆ ಹೇಳಿ ಮುಂದಕ್ಕೆ ಹೋಗುತ್ತೇನೆ. ಇಲವಾಲದವರೆಗೆ ಸಂತೋಷವಾಗಿಯೇ ಇತ್ತು. ಅಲ್ಲಿಂದಾಚೆಗೆ ರಸ್ತೆಯ ಪ್ರತಿಯೊಂದು ತೇಪೆಯನ್ನೂ ನಾನು ಬೆನ್ನುಮೂಳೆಯಲ್ಲಿ ಎಣಿಸಿದೆ. ಮನುಷ್ಯದೇಹಕ್ಕೆ ಮೇಲೆ ಕೆಳಗೆ ಕುಲುಕುವ ಕಂಪನಗಳಲ್ಲಿ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಆಗುವಂಥದು ಎಲ್ಲಕ್ಕಿಂತ ಹೆಚ್ಚು ಬಾಧಕ ಎಂದು ಶಾಸ್ತ್ರಜ್ಞರು ಗೊತ್ತುಮಾಡಿದ್ದಾರೆ. ಗಟ್ಟಿ ಸ್ಪ್ರಿಂಗು, ರೊಟ್ಟಿಯಂಥ ಟೈರು, ಮೆತ್ತೆಯಿಲ್ಲದ ಚಿಪ್ಪು ಮೂರೂ ಸೇರಿದರೆ ಅದರ ಜೊತೆಗೆ ಚುರುಕಾದ ಪೆಟ್ಟುಗಳೂ ಬರುತ್ತವೆ, ಸುಂಕವಿಲ್ಲದೆ. ಬಿಳಿಕೆರೆಯಲ್ಲಿ ಎಳನೀರಿಗೆಂದು ನಿಲ್ಲಿಸಿದೆವು. ಹೊರಗೆ ಬರಲು ನಾನು ಪಡುತ್ತಿದ್ದ ಪಾಡನ್ನು ನೋಡಿ ಎಳನೀರಿನವನು ಮಚ್ಚನ್ನು ಕೆಳಗಿಟ್ಟು ಬಂದು ಕೈ ಕೊಟ್ಟ. “ಯಜಮಾನ್ರೆ, ಇದ್ರೊಳ್ಗಿಂದ ಎದ್ದು ಬರಾಕೂ ಒಂದಾಳು ಬೇಕಲ್ಲ!” ಎಂದ. ಆ ಕಾರಿನ ಗುಣವಿಮರ್ಶೆಯನ್ನು ಆ ವರ್ಷ ಅಷ್ಟು ಚಿಕ್ಕದಾಗಿ ಬೇರಾರೂ ಬರೆದಿರಲಾರರು.

ಮಾರುವಾಗಿನ ಬೆಲೆಯ ಮಾತೂ ವಿಚಿತ್ರವೆ. ನಾಳೆ ಯಾರೋ ಕೊಳ್ಳುವವನ ಭ್ರಮೆಗಾಗಿ ಇವತ್ತು ನಾನು ನನ್ನ ಸೊಂಟವನ್ನು ಒತ್ತೆಯಿಡಬೇಕಂತೆ! ಬಾಡಿಗೆಮನೆಗೆ ಬರುವವನ ರುಚಿಯಂತೆ ಸ್ವಂತಮನೆಯ ಅಡಿಗೆ ಮಾಡಿದ ಹಾಗಾಯಿತು.

ಪಂದ್ಯದ ಚಾಲಕರೆಲ್ಲ ಇಂಥ ಆಸನದಲ್ಲಿ ಕೂರುವುದಿಲ್ಲವೆ ಎಂದು ಕೇಳುತ್ತಾರೆ. ಕೂರುತ್ತಾರೆ. ಆದರೆ ಫಾರ್ಮುಲಾ ಒನ್ ಚಾಲಕನ ಆಸನವನ್ನು ಅವನ ಮೈಯ ಅಚ್ಚು ತೆಗೆದು ಅವನೊಬ್ಬನಿಗಾಗಿ ಮಾಡುತ್ತಾರೆ. ಬೇರೊಬ್ಬ ಚಾಲಕ ಅದರಲ್ಲಿ ಕೂತರೆ ಅವನಿಗೂ ಅದು ಹಿಂಸೆಯೆ. ಅಂಗಡಿಯಿಂದ ತಂದ ಚಿಪ್ಪಿಗೆ ಮೈಯನ್ನು ಹೊಂದಿಸುವುದು ಪಂದ್ಯದ ವಿದ್ಯೆಯಲ್ಲ, ಅದಕ್ಕೆ ತೀರ ವಿರುದ್ಧವಾದದ್ದು. ಅಲ್ಲದೆ ಆ ಪಂದ್ಯಕ್ಕೆ ಎರಡು ತಾಸಿನ ಮಿತಿಯಿದೆ. ಎದುರಿನಿಂದ ಬರುವ ಗಾಡಿಯಿಲ್ಲ, ಅಡ್ಡ ಬರುವ ಎಮ್ಮೆಯಿಲ್ಲ. ನಮ್ಮ ಕೆ-1000 ರ್ಯಾಲಿಯಂಥ ಸ್ಪರ್ಧೆಗಳಲ್ಲೂ ಅಷ್ಟೆ, ವೇಗ ಅಳೆಯುವ ದಾರಿಯ ತುಂಡುಗಳನ್ನು ಬೇರೆ ಗಾಡಿಗಳಿಗೆ ಮುಚ್ಚಿಯೇ ಓಡಿಸುತ್ತಾರೆ. ಹುಣಸೂರು ರಸ್ತೆಯನ್ನು ಯಾರ ಸಲುವಾಗಿಯೂ ಯಾರೂ ಮುಚ್ಚುವುದಿಲ್ಲ.

ಬೆನ್ನು ನೋವು ಅವನವನ ಹಣೆಬರಹವೆಂದು ಬಿಟ್ಟೇನು. ನನ್ನ ತಕರಾರಿನ ತಿರುಳು ಬೇರೆಯಿದೆ. ಇಂಥ ಕಾರಿನ ನೆತ್ತಿಯೇ ನೆಲದಿಂದ ನಾಲ್ಕೂಕಾಲು ಅಡಿ. ಒಳಗೆ ಕೂತವನ ಕಣ್ಣು ಅದಕ್ಕೂ ಕೆಳಗೆ. ಕವಲುದಾರಿಯಲ್ಲಿ ಎಡಬಲ ನೋಡಬೇಕಾದರೆ ಮುಂದಕ್ಕೆ ಬಾಗಬೇಕು, ಸೊಂಟ ತಿರುಗಿಸಬೇಕು, ಕತ್ತು ಚಾಚಬೇಕು. ಹೆಗಲಿನವರೆಗೂ ಗೋಡೆಯಿರುವ ಚಿಪ್ಪಿನಲ್ಲಿ ಅದು ಕಷ್ಟ. ಕೆಲವರು ಸಾಲದೆಂದು ಪಂದ್ಯದವರು ಕಟ್ಟಿಕೊಳ್ಳುವ ನಾಲ್ಕೆಳೆ ಆರೆಳೆಯ ಪಟ್ಟಿಗಳನ್ನೂ ಹಾಕಿಸಿಕೊಳ್ಳುತ್ತಾರೆ. ಮಾಮೂಲು ಮೂರು ತುದಿಯ ಪಟ್ಟಿ ಮೆಲ್ಲಗೆ ಎಳೆದರೆ ಸಡಿಲವಾಗಿ ಬಾಗಲು ಬಿಡುತ್ತದೆ, ಥಟ್ಟನೆ ಎಳೆದರೆ ಬಿಗಿಯುತ್ತದೆ. ಪಂದ್ಯದ ಪಟ್ಟಿ ಯಾವಾಗಲೂ ಬಿಗಿಯೆ. ಅದನ್ನು ಕಟ್ಟಿಕೊಂಡವನು ಬಿಳಿಕೆರೆಯ ಕವಲಿನಲ್ಲಿ ಕೃಷ್ಣರಾಜನಗರದ ಕಡೆಯಿಂದ ಏನು ಬರುತ್ತಿದೆ ಎಂದು ಹೇಗೆ ನೋಡಿಯಾನು? ನೋಡುವುದಿಲ್ಲ. ನುಗ್ಗುತ್ತಾನೆ. ಸದ್ದು ಕೇಳಿದವರು ತಾವಾಗಿ ನಿಂತಾರೆಂಬ ನೆಚ್ಚಿಕೆ.

ಎದುರಿಗೆ ಏನೇನು ಬರುತ್ತದೆ ಎಂಬುದನ್ನು ಪೇಟೆಯ ಓದುಗರಿಗೆ ಹೇಳಬೇಕು. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳು ಹೊಗೆಸೊಪ್ಪಿನ ಸೀಮೆ. ಕರ್ನಾಟಕದಲ್ಲಿ ತಂಬಾಕು ಮಂಡಲಿಯ ಹರಾಜು ಶುರುವಾದದ್ದು 1984ರಲ್ಲಿ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣಗಳಲ್ಲಿ ಹರಾಜು ಕಟ್ಟೆಗಳಿವೆ. ಹರಾಜಿನ ತಿಂಗಳುಗಳಲ್ಲಿ ಬೆಳಗಿನ ಮಂಜಿನಲ್ಲೇ ಬೇಲುಗಳನ್ನು ಹೇರಿಕೊಂಡ ಟ್ರ್ಯಾಕ್ಟರು, ಗೂಡ್ಸ್ ಆಟೋಗಳು ಹೊರಡುತ್ತವೆ. ಬಹಳ ಟ್ರೇಲರುಗಳಿಗೆ ಹಿಂದೆ ದೀಪವಿರುವುದಿಲ್ಲ, ಕೆಂಪು ಪಟ್ಟಿಯೂ ಇರುವುದಿಲ್ಲ. ಅದು ತಪ್ಪೆ? ಖಂಡಿತ ತಪ್ಪು. ಆದರೆ ಆ ತಪ್ಪನ್ನು ಮೊದಲೇ ಕಂಡು ತಪ್ಪಿಸಿಕೊಳ್ಳಬಲ್ಲ ಎತ್ತರದಲ್ಲಿ, ಅಷ್ಟು ಸಡಿಲವಾಗಿ ಚಾಲಕ ಕೂತಿರಬೇಕಷ್ಟೆ. ಕೃಷ್ಣರಾಜನಗರದ ಕಡೆ ಹೋದರೆ ಭತ್ತದ ಹುಲ್ಲು ಹೇರಿದ ಗಾಡಿ ರಸ್ತೆಯ ಎರಡು ಅಂಚನ್ನೂ ಸವರುತ್ತ ಬರುತ್ತದೆ. ಸುಗ್ಗಿಯ ಕಾಲದಲ್ಲಂತೂ ರಸ್ತೆಯೇ ಕಣ: ಹುರುಳಿಯನ್ನು ಡಾಂಬರಿನ ಮೇಲೆ ಹರಡುತ್ತಾರೆ, ಬಸ್ಸು ಲಾರಿಗಳಿಂದ ತುಳಿಸುತ್ತಾರೆ. ಒಣಗಿದ ಹುರುಳಿಬಳ್ಳಿ ಕಾರಿನ ತಳದಲ್ಲಿ ಸಿಕ್ಕಿಕೊಂಡು, ಹೊಗೆಕೊಳವೆಯ ಕಾವಿಗೆ ಹೊತ್ತಿ, ಕಾರೇ ಉರಿದುಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಮಾಮೂಲು ಕಾರುಗಳಿಗೇ ಹೀಗಾದರೆ ನೆಲಕ್ಕೆ ನಾಲ್ಕೈದು ಅಂಗುಲದಲ್ಲಿ ತಳವಿರುವ ಕಾರಿನ ಪಾಡೇನು? ಆಗ ಒಳಗಿರುವವನು ಥಟ್ಟನೆ ಹೊರಬರಬೇಕು. ಎಳನೀರಿನವನು ಎಲ್ಲ ಕಡೆಯಲ್ಲೂ ಇರುವುದಿಲ್ಲ.

ಹಂಪುಗಳ ಮಾತೂ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಹಂಪು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ ಇರಬೇಕು; 25 ಕಿಲೋಮೀಟರಿನ ವೇಗದಲ್ಲಿ ಆರಾಮವಾಗಿ ದಾಟುವಂತಿರಬೇಕು. ನಮ್ಮ ಹಳ್ಳಿಗಳ ಮುಂದೆ ಅಪಘಾತವಾದ ಮಾರನೆಯ ದಿನ ಏಳುವ ಹಂಪು ಆ ನಿಯಮವನ್ನು ಓದಿರುವುದಿಲ್ಲ. ಇದಕ್ಕೆಂದೇ ಈಚಿನ ಓಟದ ಕಾರುಗಳಲ್ಲಿ ಮೂತಿಯನ್ನು ಸುಮಾರು ನಾಲ್ಕು ಸೆಂಟಿಮೀಟರು ಎತ್ತಿಕೊಳ್ಳುವ ಉಪಾಯವಿದೆ. ಎಲ್ಲಿ ಎತ್ತಬೇಕೆಂಬುದನ್ನು ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ಎತ್ತಿಕೊಳ್ಳುವ ಕಾರುಗಳೂ ಇವೆ. ಮೂತಿಯ ಸುಖಕ್ಕೆ ಇಷ್ಟು ಬುದ್ಧಿ ಖರ್ಚು ಮಾಡಿದವರು ಕೂತವನ ಸುಖಕ್ಕೆ ಬಂದಾಗ ಮಾತ್ರ ಸಹನೆಯನ್ನು ಬೋಧಿಸುತ್ತಾರೆ.

ಈ ಶ್ರೀಮಂತರ ಆಟಿಕೆಗಳ ಗೊಡವೆ ನಮಗೇಕೆ, ನಿಷೇಧಿಸಿದರಾಯಿತು ಎನ್ನುವವರೂ ಇದ್ದಾರೆ. ನಾನು ಅವರ ಕಡೆಯವನಲ್ಲ. ವೇಗವನ್ನು ಹಳಿಯುವುದಕ್ಕೆ ಹುಣಸೂರು ತಕ್ಕ ಜಾಗವೂ ಅಲ್ಲ. ಮೈಸೂರು ಸಂಸ್ಥಾನದ ಅಮೃತಮಹಲ್ ದನಗಳ ಇಲಾಖೆ ಹುಣಸೂರಿನಲ್ಲಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯಿಂದ ಬೆಳೆದುಬಂದ ತಳಿ ಅದು; ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. 1781ರಲ್ಲಿ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರದ ನೆರವಿಗೆ ಹೋಗಲು ಸಾಧ್ಯವಾದದ್ದು ಈ ಎತ್ತುಗಳಿಂದ ಎಂದು ಬರೆದಿಟ್ಟಿದ್ದಾರೆ. ಅದು ಆ ಕಾಲದ ಓಟದ ಯಂತ್ರವಲ್ಲದೆ ಮತ್ತೇನು? ಲೂಯಿ ರೈಸ್ ಸಾಹೇಬರ ಗೆಜೆಟಿಯರು ಹುಣಸೂರಿನಲ್ಲಿ ಮದರಾಸು ಸೈನ್ಯದವರು 1864ರವರೆಗೆ ನಡೆಸುತ್ತಿದ್ದ ಚರ್ಮದ ಕಾರ್ಖಾನೆಯನ್ನೂ, ಅಲ್ಲಿ ಪಳಗಿದ ಕೆಲಸಗಾರರನ್ನೂ, ಕಾಫಿ ಪ್ಲಾಂಟರುಗಳಿಗಾಗಿ ಅಲ್ಲಿ ಕಟ್ಟುತ್ತಿದ್ದ ಒಳ್ಳೆಯ ಗಾಡಿಗಳನ್ನೂ ಹೇಳುತ್ತದೆ. ಎತ್ತು, ಚರ್ಮ, ಗಾಡಿ ಮೂರನ್ನೂ ಬಲ್ಲ ಊರು. ಕೊಡಗಿನ ದಾರಿಗೆ ಎಂಥ ಗಾಡಿ ಬೇಕೆಂಬುದನ್ನು ಆ ಬಡಗಿಗಳು ಕೊಡಗಿನ ದಾರಿಯನ್ನು ನೋಡಿ ತೀರ್ಮಾನಿಸಿದರು. ವಿಲಾಯಿತಿಯ ಕುದುರೆಜೂಜಿನ ಮೈದಾನವನ್ನು ನೋಡಿ ಅಲ್ಲ.

ವಿಲಾಯಿತಿಯವರಾದರೂ ಈ ವಿವೇಕವನ್ನು ಬಿಟ್ಟವರಲ್ಲ. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ರಾಯ್ಟರ್ ಎಂಬ ಮನೆತನದ ಗಾಡಿಕಟ್ಟುವ ಕಾರ್ಖಾನೆ 1906ರಲ್ಲಿ ಹುಟ್ಟಿತು. ಪೋರ್ಷೆಯವರಿಗೆ ಕಾರುಗಳ ಮೈಯನ್ನು ಕಟ್ಟಿಕೊಡುತ್ತಿದ್ದವರು ಅವರು. ಆಮೇಲೆ ಮೈ ಕಟ್ಟುವ ಕೆಲಸ ಪೋರ್ಷೆಯವರ ಕೈಸೇರಿತು, ಉಳಿದವರು 1963ರಲ್ಲಿ ರೆಕಾರೊ ಎಂಬ ಹೆಸರಿನಲ್ಲಿ ಆಸನಗಳನ್ನಷ್ಟೆ ಮಾಡತೊಡಗಿದರು. 911 ಕಾರನ್ನು ಲೋಕಕ್ಕೆ ತೋರಿಸಿದ್ದೂ 1963ರಲ್ಲೇ. 1965ರಲ್ಲಿ ಫ್ರಾಂಕ್‌ಫರ್ಟಿನ ಮೋಟಾರು ಪ್ರದರ್ಶನಕ್ಕೆ ರೆಕಾರೊದವರು ತಂದ ಕ್ರೀಡಾ ಆಸನ, ತಮ್ಮ ಮಾಮೂಲು ಕಾರಿನಲ್ಲೇ ದೂರದ ದಾರಿ ಹೋಗುವವರು ಕೊಂಡು ಹಾಕಿಕೊಳ್ಳುವಂಥದು. ಮೈಗೆ ಆಸರೆ ಬೇಕು, ಆದರೆ ಅದು ಮೈಗೆ ಹೊಂದಬೇಕು. ಇಷ್ಟು ಸರಳವಾದ ವಿಷಯ ಪಟ್ಟಿಯಲ್ಲಿ ಅಡಗಿಹೋದದ್ದು ಹೇಗೋ!

ಹಾಗೆಂದು ಸೋಫಾದ ಪಕ್ಷ ವಹಿಸುತ್ತೇನೆಂದು ಯಾರೂ ತಿಳಿಯಬಾರದು. ಬೆನ್ನುಜ್ಜುವ, ಗಾಳಿ ಊದುವ, ಹದಿನೆಂಟು ದಿಕ್ಕಿಗೆ ಹೊರಳುವ ಆಸನವನ್ನು ಓಟದ ಕಾರಿಗೆ ಹಾಕಿಸುವವನು ಇನ್ನೊಂದು ಬಗೆಯ ಮೂರ್ಖ. ತೀರ ಮೆತ್ತನೆಯ ಮೆತ್ತೆಯೂ ಮೊದಲು ಹೇಳಿದ ಆ ಕಂಪನವನ್ನು ಇಳಿಸುವ ಬದಲು ಏರಿಸುವುದುಂಟು. ರಸ್ತೆಯ ಮಾತಂತೂ ಅದರಲ್ಲಿ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಅಡಗಿಹೋಗುತ್ತದೆ. ನನ್ನ ಮತವನ್ನು ಕೇಳಿದರೆ ಹೇಳುತ್ತೇನೆ. ಬೆನ್ನೊರಗು ಓರೆಯಾಗಬೇಕು, ಆಸನ ಮೇಲೇಳಬೇಕು. ತೊಡೆಗೆ ಮಂಡಿಯ ಹತ್ತಿರದವರೆಗೂ ಆಸರೆಯಿರಬೇಕು. ನಮ್ಮಲ್ಲಿ ಹೆಚ್ಚಿನವರ ಬೆನ್ನುನೋವಿನ ಮೂಲ ಬೆನ್ನಿನಲ್ಲಿಲ್ಲ, ಗಿಡ್ಡ ಆಸನದಲ್ಲಿ ತೂಗಾಡುವ ತೊಡೆಯಲ್ಲಿದೆ ಎಂದು ನಾನು ನಂಬಿದ್ದೇನೆ. ಪಕ್ಕದ ದಿಂಡುಗಳು ಸೊಂಟವನ್ನು ಹಿಡಿಯಲಿ, ಹೆಗಲನ್ನು ಬಿಡಲಿ. ನಡುಭಾಗಕ್ಕೆ ಬಟ್ಟೆಯ ಹೊದಿಕೆ. ಚೈತ್ರ ವೈಶಾಖದಲ್ಲಿ ಬಿಸಿಲಿಗೆ ನಿಂತ ಕಾರಿನ ಚರ್ಮದ ಮೇಲೆ ಕೂತವನಿಗೆ ಕಾರಣ ಹೇಳಬೇಕಾಗಿಲ್ಲ. ಎರಡು ಮೋಟಾರು ಕಡಿಮೆಯಿದ್ದು ಕೈಯಿಂದ ತಿರುಗಿಸುವ ಸನ್ನೆಯಿದ್ದರೆ ಇನ್ನೂ ಮೇಲು. ಇವೆಲ್ಲ ಇದ್ದೂ ನಿಮಗೆ ಹೊಂದದಿದ್ದರೆ ಅದು ನಿಮ್ಮ ಆಸನವಲ್ಲ, ಎದ್ದುಬನ್ನಿ.

ಇಂಥ ಆಸನವಿರುವ ಇನ್ನೊಂದು ಕಾರಿನಲ್ಲಿ, ಅದೂ ಗೆಳೆಯರೊಬ್ಬರದೇ, ಹೆಗ್ಗಡದೇವನಕೋಟೆಯ ಮೇಲೆ ಹಾದು ಅಂತರಸಂತೆಯಾಚೆಯ ಕಾಡಿನವರೆಗೆ ಹೋಗಿದ್ದೇವೆ. 1971ರಲ್ಲಿ ಕೊನೆಯ ಖೆಡ್ಡಾ ನಡೆದ ಕಾಕನಕೋಟೆಯ ಕಾಡು. ಬಾವಲಿಗೆ ಹೋಗುವ ಆ ರಸ್ತೆಯನ್ನು ಸಂಜೆ ಆರರಿಂದ ಬೆಳಗಿನ ಆರರವರೆಗೆ ಮುಚ್ಚುತ್ತಾರೆ. ಹಗಲಿನಲ್ಲೂ ಅಲ್ಲಿ ವೇಗ ಸಲ್ಲದು, ಆನೆಗೆ ದಾರಿ ಬಿಡಬೇಕು. ಮೂವತ್ತರ ವೇಗದಲ್ಲಿ, ಕಿಟಕಿ ಇಳಿಸಿಕೊಂಡು, ಮೈ ಸಡಿಲವಾಗಿ ಕೂತಿದ್ದ ಆ ಅರ್ಧ ತಾಸಿನಲ್ಲಿ ಆ ಕಾರಿನ ವಿಷಯ ನನಗೆ ತಿಳಿದಷ್ಟು ಯಾವ ಪತ್ರಿಕೆಯ ಪುಟದಿಂದಲೂ ತಿಳಿದಿರಲಿಲ್ಲ. ಚುಕ್ಕಾಣಿಯನ್ನು ಒಂದು ಬೆರಳಿನಷ್ಟು ತಿರುಗಿಸಿದರೆ ಸೊಂಟಕ್ಕೆ ಉತ್ತರ ಬರುತ್ತಿತ್ತು. ಬ್ರೇಕನ್ನು ಸವರಿದರೆ ಮೂತಿ ಎಷ್ಟು ತಗ್ಗಿತೆಂದು ತೊಡೆ ಹೇಳುತ್ತಿತ್ತು. ಜಪಾನಿನ ಮಾಜ್ದಾದವರು 1989ರಲ್ಲಿ ಸಾವಿರ ಕಿಲೋ ತೂಕದೊಳಗಿನ ಪುಟ್ಟ ಎರಡಾಳಿನ ಕಾರೊಂದನ್ನು ತಂದಾಗ ಅದರ ತತ್ತ್ವವನ್ನು ‘ಜಿಂಬಾ ಇತ್ತಾಯ್’ ಎಂದು ಕರೆದರು. ಸವಾರನೂ ಕುದುರೆಯೂ ಒಂದೇ ಮೈಯಾಗುವುದು ಎಂದು ಅದರ ಅರ್ಥ. ಅದರ ಇಂಜಿನಿನ ಶಕ್ತಿ ಆಗ 120 ಅಶ್ವಗಳನ್ನು ದಾಟಿರಲಿಲ್ಲ. 2016ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾಗಿತ್ತು. ಅಂಕಿಗಳನ್ನೇ ನಂಬುವವರು ಈ ಅಂಕಿಯನ್ನೂ ಸ್ವಲ್ಪ ನಂಬಲಿ.

ನಮ್ಮ ಹುಡುಗ ಆಮೇಲೆ ಓರೆಯಾಗುವ ಆಸನವನ್ನೇ ಬರೆಸಿಬಂದ. ಸ್ನೇಹಿತರು ನಗುತ್ತಾರಂತೆ. ನಗಲಿ, ಬಕೆಟ್ಟಿನೊಳಗೆ ಕೂತು ಜೋರಾಗಿ ನಗುವುದು ಸುಲಭವಲ್ಲ.

ಈಗ ಮಾರುವವರಿಗೆ ಒಂದು ಮಾತು. ಬೆಂಗಳೂರಿನ ನಿಮ್ಮ ಮಳಿಗೆಯಲ್ಲಿ ಹಾಸುಗಂಬಳಿಯ ಮೇಲೆ ನಿಂತ ಕಾರಿನಲ್ಲಿ ಐದು ನಿಮಿಷ ಕೂರಿಸಿ, ಕಾಫಿ ಕೊಟ್ಟು, ಕೋಟಿ ರೂಪಾಯಿಗೆ ರುಜು ಹಾಕಿಸಿಕೊಳ್ಳುತ್ತೀರಿ. ಚುಂಚನಕಟ್ಟೆಯ ದಲ್ಲಾಳಿ ಹಾಗೆ ಮಾಡಿದರೆ ಜಾತ್ರೆಯಿಂದ ಓಡಿಸುತ್ತಾರೆ. ಕೊಳ್ಳುವವನಿಗೆ ಎರಡು ತಾಸು ಕಾರು ಕೊಡಿ, ಅವನು ಕೇಳಿದ ಆಸನವನ್ನೇ ಹಾಕಿ ಕೊಡಿ, ಬಿಳಿಕೆರೆಯಿಂದ ಕಂಪಲಾಪುರದವರೆಗೆ ಓಡಿಸಿಕೊಂಡು ಬರಲಿ. ನಮ್ಮ ಕಾರಿಗೆ ಆ ರಸ್ತೆ ಆಗದು ಎನ್ನುತ್ತೀರಾ? ಆಗದಿದ್ದರೆ ಆಗದು. ಆ ಮಾತನ್ನು ನಿಮ್ಮ ಬಣ್ಣದ ಪುಸ್ತಿಕೆಯಲ್ಲಿ, 510 ಅಶ್ವಶಕ್ತಿ ಎಂಬುದರ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ.